ಕಂಬ ಅಲ್ಲಿ, ಕೋಡಿ ಇಲ್ಲಿ

ವಾಣಿಯಂಬಾಡಿಯಲ್ಲಿ ರೈಲು ಇಳಿದು, ನಿಲ್ದಾಣದ ಹೊರಗಿನ ಚಹಾದಂಗಡಿಯಲ್ಲಿ ನನ್ನ ಹರಕು ತಮಿಳಿನಲ್ಲಿ ಕೇಳಿದೆ: ‘ಪ್ರವಾಹದ ಕಂಬಕ್ಕೆ ಯಾವ ದಾರಿ?’ ಅಂಗಡಿಯವರು ತೆಲುಗಿನಲ್ಲಿ ಉತ್ತರ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನೇ ದಖನಿಯಲ್ಲಿ ತಿದ್ದಿದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ಬೆಳೆದ ನನಗೆ ಆ ಎರಡೂ ಮಾತು ಮನೆಯ ಅಂಗಳದಷ್ಟೇ ಹತ್ತಿರ. ಎಲ್ಲಿಯವರು ಎಂದು ವಿಚಾರಿಸಿದರು. ಶಿಡ್ಲಘಟ್ಟ ಎಂದೆ, ಅವರಿಗೆ ಗೊತ್ತಾಗಲಿಲ್ಲ. ಚಿಂತಾಮಣಿ ಎಂದೆ, ಅದೂ ಗೊತ್ತಾಗಲಿಲ್ಲ. ‘ಪಾಲಾರ್ ಹುಟ್ಟುವ ಕಡೆ’ ಎಂದಾಗ ಹಿರಿಯರು ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟು ನನ್ನನ್ನು ಸರಿಯಾಗಿ ನೋಡಿದರು. ‘ಹಾಗಾದರೆ ಆ ನೀರು ನಿಮ್ಮ ಕಡೆಯಿಂದ ಬಂದದ್ದು.’

ಅದರಲ್ಲಿ ದೂರು ಇರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ನೆಂಟರ ವಿಳಾಸ ಸಿಕ್ಕಿದಂತೆ ಅಂದರು. ಆದರೂ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ನೂರಿಪ್ಪತ್ತು ವರ್ಷದ ಹಿಂದಿನ ನೀರು, ನಾನು ಕಂಡಿದ್ದಲ್ಲ, ನನ್ನ ಅಜ್ಜನೂ ಕಂಡಿದ್ದಲ್ಲ. ಆದರೂ ‘ನಿಮ್ಮ ಕಡೆಯಿಂದ’ ಎಂದಾಗ ಹೌದು ಅನ್ನಬೇಕಾಯಿತು.

1903ರ ನವೆಂಬರ್ 12. ಆ ದಿನ ಪಾಲಾರ್ ಈ ಊರೊಳಗೆ ನುಗ್ಗಿತು. ಸತ್ತವರು ಸುಮಾರು ಇನ್ನೂರು ಜನ ಎನ್ನುತ್ತಾರೆ. ಅವರ ನೆನಪಿಗೆ ನಿಲ್ಲಿಸಿದ ಕಂಬ ಊರ ನಡುವೆ ಇದೆ. ಪ್ರತಿವರ್ಷ ಅದೇ ತಾರೀಖಿಗೆ ಊರಿನ ಕೆಲವರು ಅಲ್ಲಿ ಸೇರಿ ಹೂವಿಟ್ಟು, ದೀಪ ಹಚ್ಚಿ, ಹೆಸರು ಉಳಿಯದ ಅಷ್ಟೂ ಜನಕ್ಕೆ ಕೈಮುಗಿಯುತ್ತಾರೆ. ನಾನು ಹೋದದ್ದು ಆ ದಿನವಲ್ಲ. ಗಾಡಿಗಳು ಕಂಬವನ್ನು ಬಳಸಿಕೊಂಡು ಓಡಾಡುತ್ತಿದ್ದವು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದರಿಂದ ನನಗೇನೂ ಬೇಸರವಾಗಲಿಲ್ಲ. ದಿನಾ ನೋಡುವ ಕಲ್ಲನ್ನು ದಿನಾ ನೋಡುತ್ತ ಕೂರಲು ಆಗುತ್ತದೆಯೇ? ವರ್ಷಕ್ಕೊಂದು ದಿನ ನೆನೆಯುವವರು ಇದ್ದಾರಲ್ಲ, ಅದು ಸಣ್ಣದಲ್ಲ. ನಾನು ಕಲ್ಲಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತಿದ್ದು, ನದಿಯ ಕಡೆ ನಡೆದೆ.

ನದಿ ಎಂದರೆ ಅಗಲವಾದ ಮರಳಿನ ಹಾಸು. ಪಾಲಾರ್ ಎಂದರೆ ಹಾಲಿನ ಹೊಳೆ, ಸಂಸ್ಕೃತದವರ ಕ್ಷೀರನದಿ. ವಾಣಿಯಂಬಾಡಿ, ಆಂಬೂರುಗಳ ಚರ್ಮ ಹದಗೊಳಿಸುವ ಕಾರ್ಖಾನೆಗಳಿಂದ ಈ ಹಾಲು ಎಷ್ಟು ಕೆಟ್ಟಿತೆಂದರೆ 1996ರಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೊಂದು ದೊಡ್ಡ ತೀರ್ಪನ್ನೇ ಕೊಡಬೇಕಾಯಿತು. ನಾನು ನಿಂತಲ್ಲಿ ಒಂದು ತೆಳ್ಳನೆಯ ಕಪ್ಪು ಕಾಲುವೆ ಹರಿಯುತ್ತಿತ್ತು. ಈ ಮರಳು ಒಂದು ದಿನ ಮನುಷ್ಯರನ್ನು ಮನೆಸಮೇತ ಹೊತ್ತೊಯ್ದಿತ್ತು ಎಂದರೆ ಕಣ್ಣು ನಂಬಲೊಲ್ಲದು. ನಂಬಿಸಲಿಕ್ಕೇ ಕಂಬ ಬೇಕು.

ಹಿಂದಿರುಗುವ ದಾರಿಯನ್ನು ನೀರು ಬಂದ ದಾರಿಯಲ್ಲೇ ಹಿಡಿಯಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಜೋಲಾರಪೇಟೆಯಲ್ಲಿ ರೈಲು ಬದಲಿಸಿ, ಕುಪ್ಪಂ ಮೇಲೆ ಬಂಗಾರಪೇಟೆ. ಪಾಲಾರಿನ ಉದ್ದ 348 ಕಿಲೋಮೀಟರ್ ಎಂದು ಲೆಕ್ಕ. ಅದರಲ್ಲಿ ನಮ್ಮ ಪಾಲು 93, ಆಂಧ್ರದ್ದು 33, ಉಳಿದ 222 ತಮಿಳುನಾಡಿನದು. ಮೂರು ರಾಜ್ಯ, ಮೂರು ಭಾಷೆ, ಮೂರು ನೀರಾವರಿ ಇಲಾಖೆ. ಬರಗಾಲದಲ್ಲಿ ಮೂವರೂ ನ್ಯಾಯಾಲಯದಲ್ಲಿ ಭೇಟಿಯಾಗುತ್ತಾರೆ, ಪ್ರವಾಹದ ನೆನಪು ಮಾತ್ರ ಕೊನೆಯವರ ಪಾಲಿಗೆ. ಕಿಟಕಿಯ ಪಕ್ಕ ಕೂತು ಸೇತುವೆಗಳ ಕಂಬಗಳನ್ನು ನೋಡುತ್ತ ಬಂದೆ. ರೈಲ್ವೆಯವರಿಗೆ ಒಂದು ಒಳ್ಳೆಯ ಪದ್ಧತಿಯಿದೆ. ಸೇತುವೆಯ ಕಾಲಿನ ಮೇಲೆ, ಆ ಹಳ್ಳದಲ್ಲಿ ನೀರು ಎಂದಾದರೂ ಏರಿದ ಅತಿ ಎತ್ತರದ ಮಟ್ಟಕ್ಕೆ ಬಣ್ಣದ ಪಟ್ಟಿ ಎಳೆದು ‘ಎಚ್.ಎಫ್.ಎಲ್.’ ಎಂದು ಬರೆಯುತ್ತಾರೆ, ಅಪಾಯದ ಮಟ್ಟವನ್ನೂ ಗುರುತು ಹಾಕುತ್ತಾರೆ. ಒಣಗಿ ಬಿರಿದ ಹಳ್ಳದಲ್ಲಿ, ಮೇಕೆಗಳು ಮೇಯುತ್ತಿರುವಲ್ಲಿ, ಮನುಷ್ಯನ ತಲೆಗಿಂತ ಮೇಲೆ ಒಂದು ಕೆಂಪು ಗೆರೆ. ನೀರಿನ ಜ್ಞಾಪಕವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡ ನದಿಗಳ ದಂಡೆಯವರಿಗೆ ಇಂಥ ಗುರುತುಗಳು ರೂಢಿ. ಶಿವಮೊಗ್ಗದಲ್ಲಿ ತುಂಗೆಯ ನಡುವಿನ ಕೋರ್ಪಲಯ್ಯನ ಮಂಟಪ ಮುಳುಗಿತೆಂದರೆ ಊರೆಲ್ಲ ಸೇತುವೆಯ ಮೇಲೆ. ನಂಜನಗೂಡಿನವರಿಗೆ ಕಪಿಲೆಯ ಹದಿನಾರು ಕಾಲು ಮಂಟಪ, ಹಂಪಿಯವರಿಗೆ ಪುರಂದರ ಮಂಟಪ. ಬಂಟ್ವಾಳದಲ್ಲಿ ಹಳಬರು ನೇತ್ರಾವತಿಯ 1923ರ ನೆರೆಯನ್ನೂ 1974ರ ನೆರೆಯನ್ನೂ ಮೆಟ್ಟಿಲು ಎಣಿಸಿ ಹೇಳುತ್ತಾರೆ. ದೂರದ ಪ್ಯಾರಿಸ್‌ನಲ್ಲೂ ಹಾಗೆಯೇ: ಸೆನ್ ನದಿಯ ಸೇತುವೆಯಲ್ಲಿ ನಿಂತ ಸೈನಿಕನ ಶಿಲ್ಪವೊಂದರ ಪಾದಕ್ಕೆ ನೀರು ಬಂತೇ, ಮೊಣಕಾಲಿಗೆ ಬಂತೇ ಎಂದು ಅಳೆಯುತ್ತಾರೆ. 1910ರಲ್ಲಿ ಅದು ಅವನ ಹೆಗಲಿಗೆ ಬಂದಿತ್ತು. ನಮ್ಮ ಸೀಮೆಗೆ ಅಂಥ ಮಂಟಪವಿಲ್ಲ. ನಮ್ಮಲ್ಲಿ ಮುಳುಗಿಸುವ ನದಿಯೇ ಇಲ್ಲವಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಬೇತಮಂಗಲಕ್ಕೆ ಹೋದರೆ ಆ ಅನಿಸಿಕೆ ಉಳಿಯುವುದಿಲ್ಲ.

ಬಂಗಾರಪೇಟೆಯಿಂದ ಬಸ್ಸು. ಕೆರೆ ಏರಿಯ ಮೇಲೆ ನಿಂತಾಗ ಸಂಜೆಯ ಗಾಳಿ. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣರ ಕಾಲದ ಊರು. ಪಾಲಾರಿಗೆ ಅಡ್ಡ ಕಟ್ಟಿದ ಈ ಕೆರೆ ಒಡೆದದ್ದು 1903ರಲ್ಲಿ ಮೊದಲ ಸಲವೇನಲ್ಲ. ಹತ್ತನೆಯ ಶತಮಾನದಲ್ಲೇ ಒಮ್ಮೆ ಒಡೆದಿತ್ತು, ನೊಳಂಬ ದೊರೆ ಇರಿವ ನೊಳಂಬ ಅದನ್ನು ಮತ್ತೆ ಕಟ್ಟಿಸಿದ. ಅದು ಶಾಸನದಲ್ಲಿದೆ. ನಮ್ಮ ಶಾಸನಗಳ ಈ ಅಭ್ಯಾಸ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಕೆರೆ ಕಟ್ಟಿಸಿದವನ ಹೆಸರಿರುತ್ತದೆ, ಒಡೆದ ಕೆರೆ ಕಟ್ಟಿಸಿದವನ ಹೆಸರೂ ಇರುತ್ತದೆ, ಕೊಟ್ಟ ಗದ್ದೆಯ ಅಳತೆ, ಅದಕ್ಕೆ ತಪ್ಪಿದವರಿಗೆ ಶಾಪ, ಎಲ್ಲ ಇರುತ್ತದೆ. ಒಡೆದ ರಾತ್ರಿ ಏನಾಯಿತು, ಕೆಳಗಿನ ಊರಲ್ಲಿ ಯಾರು ಉಳಿದರು ಎಂಬುದು ಇರುವುದಿಲ್ಲ. ಕಲ್ಲು ಏರಿಯ ಮೇಲೆ ನಿಂತಿರುತ್ತದೆ, ಏರಿಯ ಮೇಲಿನವರ ಕಡೆಯಿಂದಲೇ ಮಾತಾಡುತ್ತದೆ.

1903ರಲ್ಲಿ ಆದದ್ದನ್ನು ಅರ್ಥ ಮಾಡಿಕೊಳ್ಳಲು ಕೆರೆಯೆಂದರೆ ಏನೆಂದು ನೋಡಬೇಕು. ಈ ಸೀಮೆಯಲ್ಲಿ ಒಂಟಿ ಕೆರೆ ಎಂಬುದಿಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಬಾಯಿ. ತುಂಬಿದ ಕೆರೆ ಹೆಚ್ಚಿನ ನೀರನ್ನು ಕೋಡಿಯ ಮೇಲೆ ಬಿಟ್ಟು ಮುಂದಿನದಕ್ಕೆ ಕಳಿಸುತ್ತದೆ, ಅದು ಅದರ ಮುಂದಿನದಕ್ಕೆ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಲೆಕ್ಕ ಹಾಕಿ, ಸಂಸ್ಥಾನದ ಶೇ. 60ರಷ್ಟು ನೆಲ ಕೆರೆಗಳ ಹಿಡಿತದಲ್ಲಿದೆ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಈಗ ಜಾಣತನದ ಕೆಲಸ ಎಂಬರ್ಥದಲ್ಲಿ ಬರೆದ. ನಮ್ಮ ಪೂರ್ವಿಕರು ಹನಿ ನೀರನ್ನೂ ಬಿಟ್ಟಿರಲಿಲ್ಲ. ಆ ಲೆಕ್ಕದ ಇನ್ನೊಂದು ಮಗ್ಗುಲನ್ನು ಮದರಾಸಿನವರು ಕಂಡರು. 1892ರ ಮದರಾಸು–ಮೈಸೂರು ಒಪ್ಪಂದದಲ್ಲಿ, ಇವುಗಳ ಮೇಲೆ ಕೇಳದೆ ಹೊಸ ಕಟ್ಟೆ ಕಟ್ಟಬಾರದು ಎಂದು ಹೆಸರಿಸಿದ ನದಿಗಳು 15. ಅವುಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಎಂಬ ಐದು ನಂದಿಯ ಸುತ್ತಿನ ನಮ್ಮ ಗುಡ್ಡಗಳ ಮಕ್ಕಳು. ಮೂರನೆಯ ಒಂದು ಪಾಲು! ನದಿಯೇ ಇಲ್ಲದ ಜಿಲ್ಲೆ ಎಂದು ಭಾಷಣಗಳಲ್ಲಿ ಕೇಳುತ್ತ ಬೆಳೆದ ನನಗೆ ಆ ಪಟ್ಟಿ ಓದಿದ ದಿನ ಎದೆ ತುಂಬಿ ಬಂದಿತ್ತು.

ಸರಪಳಿಯ ಗುಣವೇ ಸರಪಳಿಯ ಅಪಾಯ. ಹಿಂಗಾರಿನ ಕೊನೆಗೆ, ವಿಶಾಖ ಮಳೆಯ ಹೊತ್ತಿಗೆ, ಎಲ್ಲ ಕೆರೆಗಳೂ ತುಂಬಿ ನಿಂತಿರುತ್ತವೆ. ಆಗ ಮತ್ತೊಂದು ಜಡಿಮಳೆ ಹಿಡಿದರೆ ಹಿಡಿದಿಡಲು ಜಾಗವಿಲ್ಲ. ಮಣ್ಣಿನ ಏರಿ ನೀರನ್ನು ತಡೆಯುತ್ತದೆ, ಆದರೆ ತನ್ನ ತಲೆಯ ಮೇಲೆ ಹರಿದರೆ ತಾಳುವುದಿಲ್ಲ. ಒಮ್ಮೆ ನೀರು ಏರಿಯನ್ನು ಹತ್ತಿ ಆಚೆ ಇಳಿಯಿತೆಂದರೆ, ಇಳಿದ ಕಡೆ ಕೊರೆದು ಗಳಿಗೆಯಲ್ಲಿ ಬಾಯಿ ತೆರೆಯುತ್ತದೆ. ಒಂದು ಕೆರೆಯ ನೀರು ಒಮ್ಮೆಗೇ ಮುಂದಿನದರ ಮೇಲೆ ಬಿದ್ದರೆ ಅದು ತಡೆಯುವುದೇ? 1903ರ ನವೆಂಬರಿನಲ್ಲಿ ಮೇಲಿನ ಕೆರೆಗಳ ನೀರನ್ನು ಹೊತ್ತ ಬೇತಮಂಗಲದ ಏರಿ ಒಡೆಯಿತು. ಕೆಳಗೆ ಪಾಲಾರಿನ ಪಾತ್ರದಲ್ಲಿ ಹೊರಟಿದ್ದು ನದಿಯ ನೀರಲ್ಲ, ಕೆರೆಗಳ ನೀರು. ವಾಣಿಯಂಬಾಡಿಯ ಇನ್ನೂರು ಜನ ತಾವು ಹೆಸರೂ ಕೇಳದ ಊರುಗಳ ಕೆರೆಗಳಲ್ಲಿ ಮುಳುಗಿದರು.

ಆಮೇಲೆ ಏರಿಯನ್ನು ಕಟ್ಟಿದರು. ಕೆರೆಯ ನೀರು ಕೊಳವೆಯಲ್ಲಿ ಕೋಲಾರದ ಚಿನ್ನದ ಗಣಿಗಳ ಜನಕ್ಕೆ ಹೋಯಿತು, ಬೇತಮಂಗಲ ಎಂದರೆ ಕೆ.ಜಿ.ಎಫ್.ಗೆ ನೀರು ಕೊಡುವ ಊರು ಎಂದೇ ಹೆಸರಾಯಿತು. ಅದು ದೊಡ್ಡ ಪುಣ್ಯ, ಅನುಮಾನವಿಲ್ಲ. ಕತ್ತಲಾಗುವವರೆಗೂ ಏರಿಯ ಮೇಲೆ ಅತ್ತಿಂದಿತ್ತ ನಡೆದೆ. 1903ರ ಆ ಪ್ರವಾಹದ ಗುರುತಿಗಾಗಿ ಕಣ್ಣು ಹಾಯಿಸಿದೆ. ನನಗೆ ಕಾಣಲಿಲ್ಲ.

ರಾತ್ರಿ ಶಿಡ್ಲಘಟ್ಟದ ಮನೆಗೆ ಬಂದು ಬೀಳುವಾಗ ಅಮ್ಮ ಕೇಳಿದರು, ‘ಎಲ್ಲಿ ಹೋಗಿದ್ದೆ?’ ಹೇಳಿದೆ. ‘ಕೆರೆ ಒಡೆಯೋ ಕತೆ ನಿಮ್ಮಜ್ಜಿ ಹೇಳ್ತಿರಲಿಲ್ವಾ’ ಎಂದರು. ಹೌದು, ಹೇಳುತ್ತಿದ್ದಳು. ಬಯಲುಸೀಮೆಯಲ್ಲಿ ಹಲವು ಕೆರೆಗಳಿಗೆ ಅಂಟಿಕೊಂಡ ಕತೆ ಅದು. ಜಡಿಮಳೆಯ ರಾತ್ರಿ ನೀರುಗಂಟಿ ಏರಿ ಕಾಯುತ್ತಿರುತ್ತಾನೆ. ಗಂಗಮ್ಮ ಹೆಂಗಸಿನ ರೂಪದಲ್ಲಿ ಎದುರು ಬಂದು, ನಾನು ಹೊರಟೆ, ದಾರಿ ಬಿಡು ಎನ್ನುತ್ತಾಳೆ. ತಾಯೀ, ಊರ ಗೌಡನಿಗೆ ಒಂದು ಮಾತು ಹೇಳಿ ಬರುತ್ತೇನೆ, ನಾನು ತಿರುಗಿ ಬರುವವರೆಗೆ ಹೋಗಬೇಡ ಎಂದು ಅವಳಿಂದ ಭಾಷೆ ತೆಗೆದುಕೊಳ್ಳುತ್ತಾನೆ. ಊರಿಗೆ ಓಡಿ ಗೌಡನ ಕಾಲು ಹಿಡಿದು, ನನ್ನ ತಲೆ ತೆಗೆಯಿರಿ, ನಾನು ತಿರುಗಿ ಹೋಗದಿದ್ದರೆ ಕೆರೆ ಉಳಿಯುತ್ತದೆ ಎನ್ನುತ್ತಾನೆ. ಗಂಗಮ್ಮ ಇವತ್ತಿಗೂ ಅವನಿಗಾಗಿ ಕಾಯುತ್ತ ಅಲ್ಲೇ ನಿಂತಿದ್ದಾಳೆ. ಅಜ್ಜಿ ಇದನ್ನು ಹೇಳುವಾಗ ಕೊನೆಗೆ ಬಂದು ದನಿ ಇಳಿಸುತ್ತಿದ್ದಳು. ಆಗ ನಮಗೆಲ್ಲ ನೀರುಗಂಟಿಯ ತ್ಯಾಗ ಮಾತ್ರ ಕಾಣುತ್ತಿತ್ತು. ಈಗ ಮಲಗಿ ನೆನೆದರೆ ಬೇರೊಂದು ಕಾಣುತ್ತದೆ: ಕೆರೆ ಒಡೆಯುವುದಕ್ಕೆ ಮುಂಚೆ ಸುದ್ದಿ ಮುಟ್ಟಿಸುವವನೊಬ್ಬನಿದ್ದ. ಕತೆಯಲ್ಲಿ ಅವನ ಓಟ ಊರ ಗೌಡನವರೆಗೆ ಮಾತ್ರ. ಕೆಳಗಿನ ಊರಿಗೆ ಯಾರೂ ಓಡುವುದಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರ ದಾಟಿ ಮುದ್ದೇನಹಳ್ಳಿಗೆ ಹೋದೆ. ಪಾಲಾರಿಗೂ ಮುದ್ದೇನಹಳ್ಳಿಗೂ ಏನು ಸಂಬಂಧ ಎಂದರೆ, ವಾಣಿಯಂಬಾಡಿ ಮುಳುಗಿ ಐದು ವರ್ಷಕ್ಕೆ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸತ್ತವರು ಸುಮಾರು 15,000. ಆಗಷ್ಟೇ ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದ ಈ ಊರಿನ ಮಗ ವಿಶ್ವೇಶ್ವರಯ್ಯನವರನ್ನು ನಿಜಾಮರು ಕರೆಸಿಕೊಂಡರು. 1909ರಲ್ಲಿ ಅವರು ಹೋಗಿ ನೋಡಿದ್ದು ಊರಿನೊಳಗಿನ ನದಿಯನ್ನಷ್ಟೇ ಅಲ್ಲ, ಮೇಲಿನ ಕೆರೆಗಳನ್ನೂ. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ನಗರವನ್ನು ಕಾಯಬೇಕಾದರೆ ನಗರದ ಮೇಲೆ ನೀರನ್ನು ತಡೆದು ನಿಧಾನವಾಗಿ ಬಿಡುವ ಜಾಗ ಬೇಕು ಎಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹಾಗೆ.

ಕೆರೆಗಳ ಸರಪಳಿಯ ನಡುವೆ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಗೆ ಹೋದ ಹುಡುಗನಿಗೆ, ಮೂಸಿಯ ದಂಡೆಯಲ್ಲಿ ನಿಂತಾಗ ತಲೆಯೆತ್ತಿ ಮೇಲಿನ ಕೆರೆ ನೋಡಬೇಕೆಂಬುದು ತಾನಾಗಿ ಹೊಳೆದಿರಬೇಕು. ಇದು ನನ್ನ ಊಹೆ, ಆದರೆ ಅವರ ಸಮಾಧಿಯ ಮುಂದೆ ಹುಲ್ಲಿನ ಮೇಲೆ ಕೂತಾಗ ಹಾಗೆ ನಂಬುವುದು ಕಷ್ಟವಾಗಲಿಲ್ಲ. ಹೈದರಾಬಾದಿನಲ್ಲಿ ಆ ಪ್ರವಾಹಕ್ಕೆ ಒಂದು ಜೀವಂತ ಗುರುತಿದೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ. ಅದರ ಕೊಂಬೆ ಹಿಡಿದು ಸುಮಾರು 150 ಜನ ಉಳಿದರು. ಬದುಕಿಸಿದ ಮರವನ್ನೇ ಕಂಬವಾಗಿ ಇಟ್ಟುಕೊಂಡದ್ದು ನನಗೆ ಬಹಳ ಹಿಡಿಸುತ್ತದೆ.

ಅಲ್ಲಿಂದ ಗೌರಿಬಿದನೂರಿಗೆ. ಉತ್ತರ ಪಿನಾಕಿನಿಯ ದಂಡೆಯ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ರಾಶಿಯ ಆಚೆ, 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಬಂದು ಗುಂಡಿಗೆ ಬಿದ್ದವರ ಸ್ಮಾರಕವಿದೆ. ಸ್ವಲ್ಪ ಹೊತ್ತು ಅಲ್ಲಿ ಸುಮ್ಮನೆ ನಿಂತೆ. ನಮ್ಮ ಜನ ನೆನಪಿಡಲು ಬಾರದವರಲ್ಲ. ಕಲ್ಲು ನಿಲ್ಲಿಸಲು ಗೊತ್ತು, ವರ್ಷಕ್ಕೊಮ್ಮೆ ಬಂದು ಹೂವಿಡಲು ಗೊತ್ತು. ಪಕ್ಕದ ನದಿಯಲ್ಲಿ ಅಂದು ನೀರಿರಲಿಲ್ಲ, ಜಾಲಿ ಬೆಳೆದಿತ್ತು.

ಅದೇ ನದಿಯನ್ನು 2021ರ ನವೆಂಬರಿನಲ್ಲಿ ನೋಡಿದವರು ನನ್ನ ಮಾತು ನಂಬಲಾರರು. ಆ ತಿಂಗಳು ಕಣ್ಣಿಗೆ ಕಟ್ಟಿದಂತಿದೆ. ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಚಿಕ್ಕಬಳ್ಳಾಪುರದಲ್ಲಿ ಕಂದವಾರ ಕೆರೆ ಕೋಡಿ ಹರಿದು ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು, ಜಕ್ಕಲಮಡುಗು ತುಂಬಿ ಚೆಲ್ಲಿತು, ಗೌರಿಬಿದನೂರಲ್ಲಿ ಪಿನಾಕಿನಿ ಮೈದುಂಬಿ ಹರಿದಳು, ಅತ್ತ ಬೇತಮಂಗಲವೂ ಕೋಡಿ ಬಿತ್ತು. ಸಾವಿರ ಅಡಿ ಕೊರೆದರೂ ನೀರು ಕಾಣದೆ ಬೆಂದಿದ್ದ ಜನ ನಾವು. ಕೋಡಿ ನೋಡಲು ಮಕ್ಕಳುಮರಿ ಕಟ್ಟಿಕೊಂಡು ಹೋದೆವು, ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟೆವು, ಬಿಳಿ ನೊರೆಯ ಮುಂದೆ ನಿಂತು ಅತ್ತವರನ್ನೂ ನಾನು ಕಂಡಿದ್ದೇನೆ. ನನ್ನ ಕಣ್ಣೂ ಒದ್ದೆಯಾಗಿತ್ತು. ಆ ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಆವತ್ತು ನಾನು ಕೇಳಿಕೊಳ್ಳಲಿಲ್ಲ.

ಕೊನೆಯ ದಿನ ಚಿಂತಾಮಣಿ ಕಡೆ. ಪಾಲಾರ್ ನಂದಿಯಲ್ಲಿ ಹುಟ್ಟುತ್ತದೆ ಎನ್ನುವುದು ಎಲ್ಲರ ಮಾತು. ಹಳೆಯ ಗೆಜೆಟಿಯರು ಇನ್ನೂ ಹತ್ತಿರ ಬಂದು ಚಿಂತಾಮಣಿ ತಾಲ್ಲೂಕಿನ ತಳಗವಾರವನ್ನು ಹೆಸರಿಸುತ್ತದೆ. ಆ ಬರಹದ ಕಾಲಕ್ಕೆ ಇದೆಲ್ಲ ಕೋಲಾರ ಜಿಲ್ಲೆ, 2007ರವರೆಗೂ ಹಾಗೇ ಇತ್ತು. ದೂರದಲ್ಲಿ ಅಂಬಾಜಿದುರ್ಗದ ಬೋಳು ಬಂಡೆ. ತಳಗವಾರದ ಸುತ್ತ ನದಿ ಹುಡುಕುತ್ತ ಹೊರಟರೆ ಸಿಗುವುದು ಹೊಲದ ಬದು, ಬದುವಿನ ಪಕ್ಕ ಒಂದು ಓಣಿ, ಓಣಿಯಲ್ಲಿ ಹೊಂಗೆ, ಲಂಟಾನ. ಮಳೆನೀರು ಇಳಿದ ಗೆರೆ ಮಣ್ಣಿನ ಮೇಲೆ ಇದ್ದರೆ ಅದೇ ನದಿ. ಕಾಲು ಚಾಚಿದರೆ ದಾಟಬಹುದು. ದಾಟಿದೆ, ಹಿಂದಕ್ಕೆ ದಾಟಿದೆ. ವಾಣಿಯಂಬಾಡಿಯ ಹಿರಿಯರನ್ನು ಇಲ್ಲಿಗೊಮ್ಮೆ ಕರೆತರಬೇಕು ಎನಿಸಿತು.

ಓಣಿಯನ್ನೇ ಹಿಡಿದು ಇಳಿದರೆ ಒಂದು ಸಣ್ಣ ಕೆರೆ. ಅರ್ಧ ನೀರು, ಅರ್ಧ ಜೊಂಡು. ಕೋಡಿ ಹಳೆಯ ಕಾಲದ್ದು, ಅಡ್ಡಗೋಡೆಯ ಮೇಲೆ ಸಾಲಾಗಿ ಗಿಡ್ಡ ಕಲ್ಲುಗಂಬಗಳು. ಮಳೆಗಾಲದ ಕೊನೆಗೆ ಆ ಕಲ್ಲುಗಳ ನಡುವೆ ಹಲಗೆ, ಹುಲ್ಲು, ಮಣ್ಣು ತುಂಬಿ ಇನ್ನೊಂದು ಮೊಳ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುವುದು ವಾಡಿಕೆ. ಬೆಳೆಗೆ ಅದು ಅಮೃತ. ತಪ್ಪಿದ ವರ್ಷ ಏರಿಗೆ ಅದೇ ಕುತ್ತಿಗೆಯ ಹಗ್ಗ. ಎಷ್ಟಕ್ಕೆ ನಿಲ್ಲಿಸಬೇಕು, ಯಾವ ರಾತ್ರಿ ಕಿತ್ತು ಬಿಡಬೇಕು ಎನ್ನುವುದು ನೀರುಗಂಟಿಗೆ ಗೊತ್ತಿತ್ತು. ಸಾಲಿನ ಕೊನೆಯ ಕಲ್ಲಿನ ಮೇಲೆ, ನನ್ನ ಸೊಂಟದೆತ್ತರಕ್ಕೆ, ಯಾರೋ ಕೆಮ್ಮಣ್ಣಿನ ಬಣ್ಣದಲ್ಲಿ ಅಡ್ಡಗೆರೆ ಎಳೆದಿದ್ದರು. ಅರ್ಧ ಅಳಿಸಿತ್ತು.

ದನ ಮೇಯಿಸುತ್ತಿದ್ದ ಮುದುಕರು ಹತ್ತಿರ ಬಂದರು. ಗೆರೆ ಎಳೆದದ್ದು ಅವರೇ. ಅವರ ಅಪ್ಪ ಈ ಕೆರೆಯ ನೀರುಗಂಟಿ. ಈಗ ಆ ಕೆಲಸ ಇಲ್ಲ, ಸಂಬಳವಿಲ್ಲ, ಅಚ್ಚುಕಟ್ಟಿನಲ್ಲಿ ಗದ್ದೆಯೂ ಇಲ್ಲ. ಆದರೂ 2021ರ ಮಳೆಯಲ್ಲಿ ಮೂರು ರಾತ್ರಿ ಗೋಣಿ ಹೊದ್ದು ಇಲ್ಲಿ ಕೂತಿದ್ದರಂತೆ. ನೀರು ಈ ಮಟ್ಟಕ್ಕೆ ಬಂದಾಗ ಕಲ್ಲುಗಳ ನಡುವಿನ ಕಸಕಡ್ಡಿ ಎಲ್ಲ ಕಿತ್ತು ಬಿಟ್ಟರಂತೆ. ‘ಮರೀಬಾರ್ದು ಅಂತ ಗೆರೆ ಎಳೆದೆ. ನಾನು ಹೋದ್ಮೇಲೆ ಹುಡುಗ್ರಿಗೆ ತಿಳೀಬೇಕಲ್ಲ.’

ನಾನು ಬೇತಮಂಗಲದ ಮಾತು ಹೇಳಿದೆ. ಅವರಿಗೆ ಬೇತಮಂಗಲ ಗೊತ್ತು, ಅಲ್ಲಿ ನೆಂಟರಿದ್ದಾರೆ. ಅದರ ಆಚೆಯ ಕಂಬದ ಮಾತು ಹೇಳಿದೆ, 1903 ಎಂದೆ, ಇನ್ನೂರು ಜನ ಎಂದೆ. ಅವರು ಕೋಲಿನ ಮೇಲೆ ಗದ್ದವಿಟ್ಟು ಕೇಳಿಸಿಕೊಂಡರು. ತುಂಬ ಹೊತ್ತು ನೀರನ್ನೇ ನೋಡುತ್ತಿದ್ದು, ‘ನಮ್ಮ ನೀರು ಅಷ್ಟು ದೂರ ಹೋಗತ್ತಾ’ ಎಂದರು. ಮತ್ತೆ ಕೇಳಿದರು, ‘ಆ ಊರಿನ ಹೆಸರು ಏನಂದ್ರಿ?’

ಹೇಳಿದೆ. ಸರಿಯಾಗಿ ಕೇಳಲಿಲ್ಲವೆಂದು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ದನಗಳನ್ನು ಅಟ್ಟಿಕೊಂಡು ಏರಿಯ ಮೇಲೆ ಹೋಗುವಾಗ, ಒಬ್ಬರೇ, ಬಾಯಿಪಾಠ ಮಾಡುವ ಮಗುವಿನ ಹಾಗೆ ಬಿಡಿಸಿ ಬಿಡಿಸಿ ಹೇಳಿಕೊಳ್ಳುತ್ತಿದ್ದುದು ಗಾಳಿಯಲ್ಲಿ ಕೇಳಿಸುತ್ತಿತ್ತು: ವಾಣಿ... ಯಂ... ಬಾಡಿ.